ಗಂಗೂಬಾಯಿ ಹಾನಗಲ್ ಮತ್ತು ಅವರ ಎರಡು ದನಿ



ವಾರ್ಷಿಕೋತ್ಸವದ ಸಂಚಿಕೆಗೆ ಯಾರಾದರೂ ದೊಡ್ಡವರ ಜೀವನ ಬರೆದುಕೊಡು ಅಂತ ಸಂಘದವರು ನನಗೆ ಹೇಳೋ ಹೊತ್ತಿಗೆ ಬಾಬಾಸಾಹೇಬರು, ಜ್ಯೋತಿಬಾ ಫುಲೆ, ಸಾವಿತ್ರಿಬಾಯಿ ಎಲ್ಲರನ್ನೂ ಬೇರೆಯವರು ಹಂಚಿಕೊಂಡಾಗಿತ್ತು. ನಾನು ಗಂಗೂಬಾಯಿ ಹಾನಗಲ್ ಅಂದೆ. ಕೂತಿದ್ದವರೆಲ್ಲ ನನ್ನ ಮುಖ ನೋಡಿದರು. ಹುಬ್ಬಳ್ಳಿಯ ಹಿಂದೂಸ್ತಾನಿ ಗಾಯಕಿಗೂ ರಾಯದುರ್ಗದ ನಮ್ಮ ಕೇರಿಗೂ ಏನು ಸಂಬಂಧ ಅಂತ ಅವರು ಕೇಳಿದ್ದು ಸರಿಯೇ. ನೀವೂ ಕೇಳ್ತೀರಿ. ಅದಕ್ಕೇ ಮೊದಲು ನನಗೆ ಅವರು ಹೆಂಗೆ ಸಿಕ್ಕರು ಅನ್ನೋದನ್ನ ಹೇಳಿಬಿಡ್ತೀನಿ.

ಕಾಲೇಜು ರಜೆ ಇದ್ದಾಗ ನಾನು ಜೀನ್ಸ್ ಹೊಲಿಯೋಕೆ ಹೋಗ್ತೀನಿ, ನಿಮ್ಮಲ್ಲಿ ಅರ್ಧ ಜನ ಹೋಗೋ ಹಂಗೆ. ರಾತ್ರಿ ಮಿಷನ್ ಮುಂದೆ ನಿದ್ದೆ ಬರಬಾರದು ಅಂತ ಫೋನಿನಲ್ಲಿ ಹಾಡು ಹಾಕ್ಕೊಂಡಿರ್ತೀವಿ. ಒಂದು ರಾತ್ರಿ ಒಂದಾದ ಮೇಲೊಂದು ತಾನಾಗಿ ಬರ್ತಾ ಯಾರೋ ಹಾಡೋಕೆ ಶುರು ಮಾಡಿದರು. ಗಟ್ಟಿ ದನಿ, ನೆಲದೊಳಗಿಂದ ಎದ್ದು ಬಂದಂಗೆ. ವಯಸ್ಸಾದ ಗಂಡಸು ಅಂದ್ಕೊಂಡೆ. ನೋಡಿದರೆ ಕುಂಕುಮ ಇಟ್ಟ, ಸೆರಗು ಹೊದ್ದ ಒಬ್ಬ ಅಜ್ಜಿಯ ಫೋಟೋ. ಅದರ ಹಿಂದೆಯೇ ಇನ್ನೊಂದು ಬಂತು. ಕರಕರ ಅನ್ನೋ ಹಳೇ ಗ್ರಾಮಫೋನ್ ರೆಕಾರ್ಡು, ಸಣ್ಣ ಹುಡುಗಿಯ ಎಳೆ ದನಿ, ಹೆಸರು ಗಾಂಧಾರಿ ಅಂತ. ಇಬ್ಬರೂ ಒಬ್ಬರೇ ಅಂತ ಗೊತ್ತಾಗೋಕೆ ನನಗೆ ಎರಡು ದಿನ ಬೇಕಾಯಿತು.

ಗಂಗೂಬಾಯಿ ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಅಜ್ಜಿ ಕಮಲಾಬಾಯಿಯೂ ಹಾಡುವವರೇ. ತಂದೆ ಚಿಕ್ಕೂರಾವ್ ನಾಡಿಗೇರ್ ಬ್ರಾಹ್ಮಣರು. ತಾಯಿಯ ಕಡೆ ಗಂಗಾಮತಸ್ಥರು, ಅಂದರೆ ಅಂಬಿಗರು, ದೇವದಾಸಿ ಪರಂಪರೆಯ ಮನೆತನ. ಅಂಥ ಮನೆಯಲ್ಲಿ ಮಕ್ಕಳಿಗೆ ಅಪ್ಪನ ಹೆಸರು ಬರೋದಿಲ್ಲ. ಹಾನಗಲ್ ಅನ್ನೋದು ಅವರ ತಾಯಿಯ ಕಡೆಯವರ ಊರು.

ಅವರು ನಮ್ಮ ಜಾತಿಯವರಲ್ಲ, ಗೊತ್ತು. ಆದರೆ ಈ ಕಥೆಯನ್ನ ನಮ್ಮ ಕಡೆ ಬಿಡಿಸಿ ಹೇಳಬೇಕಿಲ್ಲ. ಬಸವಿ ಬಿಡೋದು ಅಂದರೆ ಏನು ಅಂತ ರಾಯದುರ್ಗದಲ್ಲೂ ಗೊತ್ತು, ಮಡಕಶಿರಾದಲ್ಲೂ ಗೊತ್ತು. 1947ರಲ್ಲಿ ಮದ್ರಾಸ್ ಸರ್ಕಾರ ಇದನ್ನ ನಿಷೇಧಿಸಿತು. ಆಗ ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಂಧ್ರಕ್ಕೆ ಸೇರಿದ್ದು 1953ರಲ್ಲಿ. ಆಮೇಲೆ 1988ರಲ್ಲಿ ಆಂಧ್ರ ಸರ್ಕಾರ ಮತ್ತೆ ಒಂದು ಕಾನೂನು ಮಾಡಬೇಕಾಯಿತು. ಒಂದೇ ತಪ್ಪನ್ನ ನಿಲ್ಲಿಸೋಕೆ ನಲವತ್ತು ವರ್ಷದಲ್ಲಿ ಎರಡು ಕಾನೂನು! ಒಂದು ವ್ಯತ್ಯಾಸ ಮಾತ್ರ ಹೇಳಲೇಬೇಕು. ಹಾಡುವ ಮನೆತನದವರಿಗೆ ತಂಬೂರಿ ಇತ್ತು, ಗುರು ಸಿಕ್ಕರು. ನಮ್ಮ ಬಸವಿಯರಿಗೆ ಸಿಕ್ಕಿದ್ದು ಸಾಹುಕಾರರ ಹೊಲದ ಕೂಲಿ.

ಗಂಗೂಬಾಯಿ ಚಿಕ್ಕವರಿದ್ದಾಗ ಬೀದಿಯಲ್ಲಿ ಎಲ್ಲಾದರೂ ಗ್ರಾಮಫೋನ್ ಕೇಳಿಸಿದರೆ ಸಾಕು, ಮನೆಯಿಂದ ಓಡಿ ಹೋಗಿ ನಿಂತು ಕೇಳೋರಂತೆ. ಆದರೆ ಅದೇ ಬೀದಿಯಲ್ಲಿ ಗಾಯಕಿಯ ಮಗಳು ಅಂತ ಹಂಗಿಸೋರೂ ಇದ್ದರು. ಒಂದು ಸಲ ಗೆಳತಿಯರ ಜತೆ ಪಕ್ಕದವರ ತೋಟದಲ್ಲಿ ಮಾವಿನಕಾಯಿ ಕಿತ್ತರು. ಮಕ್ಕಳು ಮಾವಿನಕಾಯಿ ಕದಿಯೋದು ಯಾವ ಊರಲ್ಲಿ ಇಲ್ಲ? ಆ ತೋಟದವರಿಗೆ ಸಿಟ್ಟು ಬಂದದ್ದು ಕದ್ದದ್ದಕ್ಕಲ್ಲ, ಹಾಡುವವಳ ಮಗಳು ತೋಟದೊಳಗೆ ಕಾಲಿಟ್ಟಳು ಅನ್ನೋದಕ್ಕೆ. ಮುಂದೆ ಹೆಸರು ಬಂದ ಮೇಲೆ ಅದೇ ಮನೆಯವರು ಕರೆದು ಊಟಕ್ಕೆ ಹಾಕಿದರು. ಈ ಸಂಗತಿಯನ್ನ ಗಂಗೂಬಾಯಿ ಕೊನೆತನಕ ನೆನೆಸಿಕೊಂಡು ಹೇಳ್ತಿದ್ದರು.

1924ರಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಆಯಿತು. ಗಾಂಧೀಜಿ ಅಧ್ಯಕ್ಷರಾಗಿದ್ದ ಅಧಿವೇಶನ ಅದೊಂದೇ. ಅಲ್ಲಿ ಸ್ವಾಗತಗೀತೆ ಹಾಡಿದವರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿಯೂ ಇದ್ದರು. ಅಷ್ಟು ದೊಡ್ಡ ಸಭೆಯ ಮುಂದೆ ಹಾಡೋಕೆ ಆ ಹುಡುಗಿಗೆ ಹೆದರಿಕೆ ಇರಲಿಲ್ಲ. ಹೆದರಿಕೆ ಇದ್ದದ್ದು ಊಟದ ಹೊತ್ತಿನದು, ತನ್ನನ್ನ ಎಲ್ಲಿ ಬೇರೆ ಕೂಡಿಸ್ತಾರೋ ಅಂತ. ಮದುವೆ ಮನೆಗಳಲ್ಲಿ ಹಲಗೆ ಬಾರಿಸೋಕೆ ಹೋಗಿ ಬಂದವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ನಿಮಗೆ ಇದು ಅರ್ಥ ಆಗ್ತದೆ.

ಮಗಳಿಗೆ ಹಿಂದೂಸ್ತಾನಿ ಸಂಗೀತ ಕಲಿಸಬೇಕು ಅಂತ 1928ರಲ್ಲಿ ಅಂಬಾಬಾಯಿ ಧಾರವಾಡ ಬಿಟ್ಟು ಹುಬ್ಬಳ್ಳಿಗೆ ಬಂದರು. ಇನ್ನೂ ಒಂದು ಕೆಲಸ ಮಾಡಿದರು. ತಾನು ಹಾಡಿದರೆ ಮಗಳ ಕಿವಿಯಲ್ಲಿ ಎರಡು ಪದ್ಧತಿ ಕಲಸಿಹೋಗ್ತಾವೆ ಅಂತ ತನ್ನ ಕರ್ನಾಟಕ ಸಂಗೀತವನ್ನೇ ನಿಲ್ಲಿಸಿಬಿಟ್ಟರು. ಅಬ್ದುಲ್ ಕರೀಂ ಖಾನರಂಥ ದೊಡ್ಡ ಉಸ್ತಾದರು ಬಂದು ಕೂತು ಕೇಳ್ತಿದ್ದ ಹಾಡು ಅದು. ಅಂಬಾಬಾಯಿಯ ಒಂದು ರೆಕಾರ್ಡಾದರೂ ನನಗೆ ಎಲ್ಲೂ ಸಿಕ್ಕಿಲ್ಲ. 1932ರಲ್ಲಿ ಅವರು ತೀರಿಕೊಂಡರು.

ಅದೇ ಕಾಲಕ್ಕೆ ಮಗಳ ದನಿ ರೆಕಾರ್ಡಿಗೆ ಹೋಯಿತು. ಎಚ್‌ಎಂವಿ ಕಂಪನಿಯವರು ಮುಂಬಯಿಯಲ್ಲಿ ಹಾಡಿಸಿ, ಗಾಂಧಾರಿ ಹುಬ್ಬಳ್ಳಿ ಅನ್ನೋ ಹೆಸರಲ್ಲಿ ಹೊರಗೆ ತಂದರು. ಆಗಿನ ರೆಕಾರ್ಡು ಅಂದರೆ ಅರಗಿನದು, ಕೈಜಾರಿದರೆ ಒಡೆದು ಚೂರು. ನಿಮಿಷಕ್ಕೆ 78 ಸುತ್ತು, ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ. ಆಮೇಲೆ ಗಂಟೆಗಟ್ಟಲೆ ಒಂದೇ ರಾಗ ಹಾಡಿದ ಗಂಗೂಬಾಯಿ ಆ ಮೂರು ನಿಮಿಷದಲ್ಲಿ ರಾಗವನ್ನ ಮುಗಿಸಬೇಕು. ಖಯಾಲ್ ಅಲ್ಲದೆ ಜಿ. ಎನ್. ಜೋಶಿಯವರ ಜತೆ ಮರಾಠಿ ಭಾವಗೀತೆಯನ್ನೂ ಹಾಡಿದರು. ದನಿ ಮೇಲಿನ ಷಡ್ಜಕ್ಕೆ ಗಾಳಿಪಟದಂಗೆ ಏರ್ತದೆ.

ಹದಿನಾರನೇ ವಯಸ್ಸಿಗೆ ವಕೀಲರಾಗಿದ್ದ ಗುರುರಾವ್ ಕೌಲಗಿಯವರ ಜತೆ ಸಂಸಾರ ಶುರುವಾಗಿತ್ತು. ಮೂರು ಮಕ್ಕಳು. ಮನೆ ನಡೆಸೋ ಭಾರ ಬಂದು ಬಿದ್ದದ್ದು ಹಾಡಿನ ಮೇಲೆಯೇ. ಆದ್ದರಿಂದ ಅವರು ಬರೀ ಕಲೆಗಾಗಿ ಹಾಡಿದರು ಅಂತ ಯಾರಾದರೂ ಬರೆದರೆ ನಂಬಬೇಡಿ. ಅದು ಮನೆಯ ಒಲೆ ಉರಿಸಿದ ಹಾಡು.

ಕೃಷ್ಣಾಚಾರ್ಯರು, ದತ್ತೋಪಂತ ದೇಸಾಯರು ಮೊದಲು ಕಲಿಸಿದರು. ದೊಡ್ಡ ಗುರು ಸಿಕ್ಕಿದ್ದು ಕುಂದಗೋಳದ ಸವಾಯಿ ಗಂಧರ್ವರು. ಮಕ್ಕಳನ್ನ ಮನೆಯಲ್ಲಿ ಬಿಟ್ಟು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗೋದು, ಪಾಠ ಮುಗಿಸಿಕೊಂಡು ರಾತ್ರಿ ವಾಪಸು. ಗುರುವಿನ ಮನೆಯಲ್ಲೇ ಇದ್ದು ಕಲೀತಿದ್ದ ಹುಡುಗನೊಬ್ಬ ಸ್ಟೇಷನ್ ತನಕ ಬಂದು ಬಿಟ್ಟು ಹೋಗ್ತಿದ್ದ. ಆ ಹುಡುಗನೇ ಭೀಮಸೇನ ಜೋಶಿ! ಗುರು ರಾಶಿ ರಾಶಿ ರಾಗ ಕಲಿಸಲಿಲ್ಲ. ಜಿಪುಣ ದುಡ್ಡು ಎಣಿಸಿದಂಗೆ ಒಂದೊಂದು ಸ್ವರವನ್ನ ನೋಡಿ ನೋಡಿ ಖರ್ಚು ಮಾಡೋದನ್ನ ಕಲಿಸಿದರು. ಈಗಿನ ವೇಗಕ್ಕೆ ಇದು ಬೇಜಾರು ಅನ್ನಿಸಬಹುದು. ನನಗೂ ಮೊದಲ ಹತ್ತು ನಿಮಿಷ ಅನ್ನಿಸಿತ್ತು.

ಇನ್ನು ಆ ಎರಡು ದನಿಯ ವಿಷಯ. ಗಂಟಲಿಗೆ ಕಾಯಿಲೆ ಆಯಿತು, ಟಾನ್ಸಿಲ್ ಚಿಕಿತ್ಸೆ ಆಯಿತು. ಅದಾದ ಮೇಲೆ ಗಾಂಧಾರಿಯ ಎಳೆ ದನಿ ಹೋಯಿತು. ದಪ್ಪಗೆ, ಗಂಡುದನಿಯಂಗೆ ಆಯಿತು. ನೀವೇ ಯೋಚಿಸಿ. ಹೆಂಗಸು, ಹಾಡಿಯೇ ಮನೆ ನಡೀಬೇಕು, ರೆಕಾರ್ಡು ಕೊಂಡವರೆಲ್ಲ ಆ ಸಣ್ಣ ದನಿಗೆ ಮಾರುಹೋದವರು. ಹೆಣ್ಣಿನ ದನಿ ಅಂದರೆ ಕೋಗಿಲೆ ಅನ್ನೋ ಕಾಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಮುಗೀತಿತ್ತು. ಅವರು ಇದ್ದ ದನಿಯಲ್ಲೇ ಹಾಡಿದರು. ಮೇಲೆ ಏರೋ ಚೆಲುವನ್ನ ಬಿಟ್ಟು ಕೆಳಗಿನ ಸ್ವರಗಳಲ್ಲಿ ಬೇರು ಬಿಟ್ಟರು.

ಹಳೇ ರೆಕಾರ್ಡು ಕೂಡಿಡೋರು ಇವತ್ತಿಗೂ ಗಾಂಧಾರಿಯ ಕಾಲವೇ ಚೆಂದ ಅಂತಾರೆ. ಲಾಂಗ್‌ಪ್ಲೇ ರೆಕಾರ್ಡು, ಕ್ಯಾಸೆಟ್, ಆಮೇಲೆ ಮತ್ತೆ ಅಚ್ಚಾದ ಸಿಡಿ ಕೇಳಿ ಬೆಳೆದವರು ಗಟ್ಟಿ ದನಿಯೇ ನಿಜವಾದ ಗಂಗೂಬಾಯಿ ಅಂತಾರೆ. ಈ ಜಗಳ ನಮ್ಮಲ್ಲಿ ಮಾತ್ರ ಐತೆ ಅಂದ್ಕೋಬೇಡಿ. ಅಮೆರಿಕದ ಕಪ್ಪು ಜನ ಕಟ್ಟಿದ ಜಾಝ್ ಸಂಗೀತದಲ್ಲಿ ಬಿಲಿ ಹಾಲಿಡೇ ಅಂತ ಒಬ್ಬ ಗಾಯಕಿ ಇದ್ದರು. ಗಂಗೂಬಾಯಿಗಿಂತ ಎರಡು ವರ್ಷಕ್ಕೆ ಚಿಕ್ಕವರು, 1915ರಲ್ಲಿ ಹುಟ್ಟಿದವರು. 1938ರಲ್ಲಿ ಬಿಳಿಯರ ತಂಡದ ಜತೆ ನ್ಯೂಯಾರ್ಕಿನ ಒಂದು ಹೋಟೆಲಿನಲ್ಲಿ ಹಾಡುವಾಗ ಅತಿಥಿಗಳ ಲಿಫ್ಟಿನಲ್ಲಿ ಹತ್ತಬಾರದು, ಸಾಮಾನು ಸಾಗಿಸೋ ಲಿಫ್ಟಿನಲ್ಲಿ ಬರಬೇಕು ಅಂದರಂತೆ. ಹಾಡು ಮಾತ್ರ ಬೇಕು. ಅವರ 1930ರ ದಶಕದ ರೆಕಾರ್ಡುಗಳಲ್ಲಿ ದನಿ ಹಗುರ, ಆಟದಂಗೆ. 1958ರ ಲೇಡಿ ಇನ್ ಸ್ಯಾಟಿನ್ ರೆಕಾರ್ಡಿನಲ್ಲಿ ದನಿ ಒಡೆದು ಹೋಗೈತೆ. ಅದನ್ನ ಕೇಳೋಕೇ ಆಗಲ್ಲ ಅನ್ನೋರು ಒಂದು ಕಡೆ, ಅವರ ಬದುಕೆಲ್ಲ ಇರೋದು ಅದರಲ್ಲೇ ಅನ್ನೋರು ಇನ್ನೊಂದು ಕಡೆ. ಅರವತ್ತು ವರ್ಷ ದಾಟಿದರೂ ಜಾಝ್ ಅಭಿಮಾನಿಗಳು ಇದರ ಮೇಲೆ ಕಿತ್ತಾಡ್ತಾರೆ. 1972ರಲ್ಲಿ ಮುಂಬಯಿಯಲ್ಲಿ ದಲಿತ್ ಪ್ಯಾಂಥರ್ಸ್ ಕಟ್ಟಿದವರು ಹೆಸರನ್ನ ಅಮೆರಿಕದ ಕಪ್ಪು ಜನರಿಂದಲೇ ತಗೊಂಡರು. ನಾವು ಅವರ ಹಾಡನ್ನೂ ಸ್ವಲ್ಪ ತಗೋಬಹುದು.

ಹಾಲಿಡೇ ನಲವತ್ತನಾಲ್ಕಕ್ಕೆ ಹೋಗಿಬಿಟ್ಟರು. ಗಂಗೂಬಾಯಿಗೆ ಆಯುಷ್ಯ ಸಿಕ್ಕಿತು. 1952ರಲ್ಲಿ ಸವಾಯಿ ಗಂಧರ್ವರು ತೀರಿಕೊಂಡ ಮೇಲೆ ಭೀಮಸೇನ ಜೋಶಿ ಪುಣೆಯಲ್ಲಿ ಗುರುವಿನ ಹೆಸರಿನ ಉತ್ಸವ ಶುರು ಮಾಡಿದರು. ಅಲ್ಲಿ ಗಂಗೂಬಾಯಿ ವರ್ಷ ವರ್ಷ ಹಾಡಿದರು, ಜನ ಅವರು ಮುದುಕಿಯಾಗೋದನ್ನ ಕಣ್ಣಾರೆ ನೋಡಿದರು, ಕಿವಿಯಾರೆ ಕೇಳಿದರು. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಬಂತು. ಪ್ರಶಸ್ತಿಗಳ ಪಟ್ಟಿ ಉದ್ದ ಐತೆ, ನಾನು ಕೊಡಲ್ಲ. ಅವರು ಆಡ್ತಿದ್ದ ಒಂದು ಮಾತು ಅದಕ್ಕಿಂತ ಮುಖ್ಯ. ಗಂಡಸು ಹಾಡಿ ದೊಡ್ಡವನಾದರೆ ಉಸ್ತಾದ್ ಆಗ್ತಾನೆ, ಪಂಡಿತ್ ಆಗ್ತಾನೆ, ಹೆಂಗಸು ಮಾತ್ರ ಎಷ್ಟು ಹಾಡಿದರೂ ಬಾಯಿಯಾಗೇ ಉಳೀತಾಳೆ ಅಂತ ಅವರ ತಕರಾರು. ನಗ್ತಾ ಹೇಳ್ತಿದ್ದರಂತೆ.

ಆ ವಯಸ್ಸಿನ ರೆಕಾರ್ಡುಗಳನ್ನ ಕೇಳೋವಾಗ ಹಿಂದೆ ಇನ್ನೊಂದು ಹೆಣ್ಣುದನಿ ಇರ್ತದೆ, ಗಮನಿಸಿ. ಅದು ಮಗಳು ಕೃಷ್ಣಾ ಹಾನಗಲ್. ತಾಯಿಗೆ ಉಸಿರು ಸಾಲದ ಕಡೆ ಮಗಳು ಎತ್ತಿಕೊಳ್ತಾರೆ, ತಾಯಿ ಉಸಿರು ತಗೊಂಡು ಮತ್ತೆ ಬಂದು ಸೇರ್ಕೊಳ್ತಾರೆ. ಹಿಂದೆ ತಾಯಿ ತನಗಾಗಿ ಹಾಡು ನಿಲ್ಲಿಸಿದ್ದಳು, ಈಗ ಮಗಳು ತನ್ನ ಹಿಂದೆ ಕೂತಿದ್ದಾಳೆ. ಕೃಷ್ಣಾ 2004ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಗಂಗೂಬಾಯಿಗೇ ಅದಕ್ಕೆ ಮುಂಚೆ ಕ್ಯಾನ್ಸರ್ ಬಂದು ವಾಸಿಯಾಗಿತ್ತು. 2006ರಲ್ಲಿ, ತೊಂಬತ್ತಮೂರರ ವಯಸ್ಸಿನಲ್ಲಿ, ಹಾಡೋಕೆ ಶುರು ಮಾಡಿ 75 ವರ್ಷ ಆಯಿತು ಅಂತ ಕೊನೆಯ ಕಚೇರಿ ಮಾಡಿದರು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡರು. ಕಣ್ಣು ದಾನ ಮಾಡಿದ್ದರು. ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಈಗ ಅವರದೇ ಹೆಸರು. ಶಾಲೆಯಲ್ಲಿ ಐದನೇ ತರಗತಿ ದಾಟಿರದ ಹೆಣ್ಣುಮಗಳ ಹೆಸರು.

ನನ್ನ ಅವ್ವನ ತವರು ಮಡಕಶಿರಾ ಕಡೆ. ಅಲ್ಲಿ ಅವ್ವನ ದೊಡ್ಡಮ್ಮ ಒಬ್ಬಳಿದ್ದಳು, ದೇವರಿಗೆ ಬಿಟ್ಟವಳು. ಕೇರಿಯ ಎಲ್ಲಾ ಮದುವೆಗೂ ಅವಳದೇ ಸೋಬಾನೆ. ವಯಸ್ಸಾಗಿ ದನಿ ದಪ್ಪ ಆದ ಮೇಲೆ ಯಾರೂ ಕರೆಯಲಿಲ್ಲ, ಡಿಜೆ ಬಂತು. ನಾನೂ ಆ ಡಿಜೆ ಮುಂದೆ ಕುಣಿದವನೇ. ಗಂಗೂಬಾಯಿಯ ದನಿ ಕೇಳಿದ ಮೇಲೆ ಒಂದು ಭಾನುವಾರ ಬಸ್ ಹತ್ತಿ ಹೋಗಿ ಹಾಡಿಸೋಕೆ ಕೂತೆ. ದನಿ ಬಿದ್ದೋಗೈತೆ, ಈಗ್ಯಾಕೆ ಅಂತ ಬೈದಳು. ಆಮೇಲೆ ಹಾಡಿದಳು. ಫೋನಿನಲ್ಲಿ ನಲವತ್ತು ಸೆಕೆಂಡ್ ಐತೆ, ನಡುವೆ ಕೆಮ್ಮು, ಹಿಂದೆ ಕೋಳಿ ಕೂಗು. ಮುಂದಿನ ಸಲ ಪೂರ್ತಿ ಹಿಡಿಯೋಣ ಅಂತ ಬಂದೆ. ಅಷ್ಟರಲ್ಲಿ ಹೋಗಿಬಿಟ್ಟಳು. ವಾರ್ಷಿಕೋತ್ಸವದ ದಿನ ಮೈಕಿನ ಹತ್ತಿರ ನಾನೇ ಇರ್ತೀನಿ. ಗಾಂಧಾರಿಯ ಮೂರು ನಿಮಿಷ, ಗಂಗೂಬಾಯಿಯ ಹತ್ತು ನಿಮಿಷ, ನಮ್ಮಜ್ಜಿಯ ನಲವತ್ತು ಸೆಕೆಂಡ್, ಮೂರನ್ನೂ ಹಾಕ್ತೀನಿ. ಬನ್ನಿ, ಡಿಜೆ ಆಮೇಲೆ.