ಶಸ್ತ್ರವೈದ್ಯ ಡಾ. ಕೋಟ್ನಿಸ್

ಮನುಷ್ಯನ ದೇಹದ ಮೇಲೆ ಶಸ್ತ್ರವನ್ನು ಪ್ರಯೋಗಿಸುವ ಅಧಿಕಾರವು ಒಂದೆರಡು ದಿನಗಳಲ್ಲಿ ದೊರೆಯತಕ್ಕುದಲ್ಲ. ನಮ್ಮ ಪ್ರಾಚೀನರು ಇದನ್ನು ಚೆನ್ನಾಗಿ ಅರಿತಿದ್ದರು. ಶಿಷ್ಯನು ಮೊದಲು ಕುಂಬಳ, ಸೌತೆ, ಕಲ್ಲಂಗಡಿ ಮುಂತಾದ ಕಾಯಿಗಳನ್ನು ಕೊಯ್ದು ಕೈಯನ್ನು ಹದಗೊಳಿಸಿಕೊಳ್ಳಬೇಕು, ದಪ್ಪ ಬಟ್ಟೆಯ ಮೇಲೆ ಹೊಲಿಗೆಯನ್ನು ಅಭ್ಯಾಸ ಮಾಡಬೇಕು ಎಂದು ಸುಶ್ರುತ ಸಂಹಿತೆಯು ವಿಧಿಸುತ್ತದೆ. ಎಷ್ಟು ಶಾಸ್ತ್ರವನ್ನು ಓದಿದ್ದರೂ ಕೈಯ ಅಭ್ಯಾಸವಿಲ್ಲದವನು ಚಿಕಿತ್ಸೆಗೆ ಯೋಗ್ಯನಲ್ಲವೆಂಬುದು ಅದರ ಮತ. ಇಂದು ಕೂಡ ಈ ದಾರಿ ಸುದೀರ್ಘವಾದುದೇ. ವೈದ್ಯ ಪದವಿಗೆ ಐದೂವರೆ ವರ್ಷ, ಆಮೇಲೆ ಶಸ್ತ್ರವೈದ್ಯದಲ್ಲಿ ಸ್ನಾತಕೋತ್ತರ ಪದವಿಗೆ ಮತ್ತೆ ಮೂರು ವರ್ಷ. ಅಷ್ಟಾದರೂ ಕಲಿಕೆ ಮುಗಿಯುವುದಿಲ್ಲ. ಈ ಮಾತಿಗೆ ಡಾ. ದ್ವಾರಕಾನಾಥ ಕೋಟ್ನಿಸ್ ಅವರ ಬಾಳೇ ಒಂದು ನಿದರ್ಶನ.

ಗದಗಿನಿಂದ ಹೊರಟ ರೈಲು ರೋಣ ಸೀಮೆಯ ಹೊಳೆಆಲೂರನ್ನು ಹಾದು, ಬಾದಾಮಿ, ಬಾಗಲಕೋಟೆ, ವಿಜಯಪುರಗಳ ಮಾರ್ಗವಾಗಿ ಸೊಲ್ಲಾಪುರದತ್ತ ಸಾಗುತ್ತದೆ. ಮುಶಿಗೇರಿ, ಗಜೇಂದ್ರಗಡಗಳ ಕಡೆಯ ಜನರಿಗೆ ಸೊಲ್ಲಾಪುರವು ಪರಕೀಯವಾದ ಊರಲ್ಲ. ಅದು ವಚನಕಾರ ಸಿದ್ಧರಾಮನು ನೆಲೆಸಿದ ಸೊನ್ನಲಿಗೆ. ಮರಾಠಿ, ಕನ್ನಡ, ತೆಲುಗು ಭಾಷೆಗಳು ಒಂದೇ ಪೇಟೆಯಲ್ಲಿ ಕೇಳಿಬರುವ ಗಿರಣಿಗಳ ನಗರ. ಅಲ್ಲಿಯ ಒಂದು ಮಧ್ಯಮ ವರ್ಗದ ಮರಾಠಿ ಕುಟುಂಬದಲ್ಲಿ 1910ರ ಅಕ್ಟೋಬರ್ 10ರಂದು ದ್ವಾರಕಾನಾಥರು ಜನಿಸಿದರು. ತಂದೆ ಶಾಂತಾರಾಮರು ಗಿರಣಿಯಲ್ಲಿ ಗುಮಾಸ್ತರಾಗಿದ್ದವರು. ಮಕ್ಕಳು ಬಹಳ, ವರಮಾನ ಪರಿಮಿತ. ಅಂಥ ಮನೆಯಿಂದ ಒಬ್ಬ ಮಗನನ್ನು ವೈದ್ಯಶಿಕ್ಷಣಕ್ಕೆ ಮುಂಬಯಿಗೆ ಕಳುಹಿಸುವುದು ಸುಲಭದ ಮಾತಾಗಿರಲಿಲ್ಲ.

ದ್ವಾರಕಾನಾಥರು ಮುಂಬಯಿಯ ಸೇಠ್ ಗೋರ್ಧನದಾಸ ಸುಂದರದಾಸ ವೈದ್ಯಕೀಯ ಕಾಲೇಜನ್ನು ಸೇರಿದರು. ವೈದ್ಯವಿದ್ಯಾರ್ಥಿಯು ಮೊದಲು ಶವವಿಚ್ಛೇದನದ ಮೂಲಕ ದೇಹದ ರಚನೆಯನ್ನು ಅರಿಯಬೇಕು. ನರ ಎಲ್ಲಿ ಹಾಯುತ್ತದೆ, ರಕ್ತನಾಳ ಎಲ್ಲಿ ಕವಲೊಡೆಯುತ್ತದೆ ಎಂಬುದು ಕಣ್ಣು ಮುಚ್ಚಿದರೂ ಕಾಣುವಂತಿರಬೇಕು. ಬಳಿಕ ರೋಗಿಯ ಹಾಸಿಗೆಯ ಬಳಿ ನಿಂತು ರೋಗವನ್ನು ಗುರುತಿಸಲು ಕಲಿಯಬೇಕು. ಹಿರಿಯ ಶಸ್ತ್ರವೈದ್ಯನ ಪಕ್ಕದಲ್ಲಿ ನಿಂತು ನೋಡಿ, ನೆರವಾಗಿ, ಕೊನೆಗೊಮ್ಮೆ ತಾನೇ ಕತ್ತಿಯನ್ನು ಹಿಡಿಯಬೇಕು. ಇಷ್ಟೆಲ್ಲವನ್ನು ದಾಟಿ ದ್ವಾರಕಾನಾಥರು ಪದವಿ ಪಡೆದರು. ಮುಂದಿನ ಸ್ನಾತಕೋತ್ತರ ವ್ಯಾಸಂಗಕ್ಕೆ ಸಿದ್ಧರಾಗತೊಡಗಿದರು.

ಆ ವೇಳೆಗೆ ಚೀನಾ ದೇಶದ ಮೇಲೆ ಜಪಾನು ದಂಡೆತ್ತಿ ಬಂದಿತ್ತು. ಗಾಯಗೊಂಡ ಸೈನಿಕರಿಗೆ ಚಿಕಿತ್ಸೆ ಮಾಡುವ ವೈದ್ಯರ ಕೊರತೆ ಅಲ್ಲಿ ವಿಪರೀತವಾಗಿತ್ತು. ಚೀನಾದ ಸೇನಾನಿ ಜೂ ದೆ ಅವರು ಜವಾಹರಲಾಲ ನೆಹರೂ ಅವರಲ್ಲಿ ವೈದ್ಯರ ನೆರವನ್ನು ಬೇಡಿದರು. 1938ರಲ್ಲಿ ಸುಭಾಷಚಂದ್ರ ಬೋಸರು ಅಧ್ಯಕ್ಷರಾಗಿದ್ದ ಕಾಂಗ್ರೆಸ್ಸು ಐವರು ವೈದ್ಯರ ತಂಡವನ್ನು ಕಳುಹಿಸಲು ನಿರ್ಧರಿಸಿತು. ದ್ವಾರಕಾನಾಥರ ಮುಂದೆ ಆಗ ಎರಡು ದಾರಿಗಳಿದ್ದವು. ಒಂದು ಉನ್ನತ ಪದವಿಯ ದಾರಿ. ಅದರಲ್ಲಿ ಸಂಪಾದನೆಯಿತ್ತು, ಮನೆಯವರ ನಿರೀಕ್ಷೆಯಿತ್ತು. ಇನ್ನೊಂದು ಗುರುತು ಪರಿಚಯವಿಲ್ಲದ ನಾಡಿನ ರಣರಂಗದ ದಾರಿ. ಅವರು ಎರಡನೆಯದನ್ನು ಆರಿಸಿಕೊಂಡರು. ಮಗನು ಯುದ್ಧಭೂಮಿಗೆ ಹೋಗುವನೆಂದು ತಾಯಿಯ ಮನಸ್ಸು ಕಲಕಿತು. ತಂದೆ ಮಾತ್ರ ಪ್ರೋತ್ಸಾಹಿಸಿದರು. ಡಾ. ಅಟಲ್ ಅವರ ನೇತೃತ್ವದಲ್ಲಿ ಡಾ. ಚೋಳ್ಕರ್, ಡಾ. ಬಸು, ಡಾ. ಮುಖರ್ಜಿ ಹಾಗೂ ಡಾ. ಕೋಟ್ನಿಸ್ ಅವರನ್ನು ಒಳಗೊಂಡ ತಂಡವು ಸೆಪ್ಟೆಂಬರ್ ತಿಂಗಳಲ್ಲಿ ಹಡಗನ್ನೇರಿತು.

ಚೀನಾದಲ್ಲಿ ಕಾಲಿಟ್ಟ ಕೆಲವು ತಿಂಗಳುಗಳಲ್ಲಿಯೇ ತಂದೆ ತೀರಿಕೊಂಡ ವಾರ್ತೆ ಬಂದಿತು. ಊರಿಗೆ ಮರಳಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಹಿಡಿದ ಕೆಲಸವನ್ನು ನಡುವೆ ಬಿಡಲು ಕೋಟ್ನಿಸರ ಮನಸ್ಸು ಒಪ್ಪಲಿಲ್ಲ. 1939ರ ಫೆಬ್ರವರಿಯಲ್ಲಿ ಅವರು ತಂಡದೊಂದಿಗೆ ಯೆನಾನ್ ನಗರವನ್ನು ತಲುಪಿ ಅಲ್ಲಿಯ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಕೆಲಸಕ್ಕೆ ನಿಂತರು. ಮುಂದೆ ಉತ್ತರದ ಗುಡ್ಡಗಾಡಿನ ರಣರಂಗಕ್ಕೆ ತೆರಳಿದರು.

ಮುಂಬಯಿಯ ಆಸ್ಪತ್ರೆಯಲ್ಲಿ ಕಲಿತ ವಿದ್ಯೆಗೆ ಅಲ್ಲಿ ನಿಜವಾದ ಪರೀಕ್ಷೆ ಒದಗಿತು. ಸುಸಜ್ಜಿತ ಕಟ್ಟಡವಿಲ್ಲ, ರೈತರ ಮನೆಗಳೇ ವಾರ್ಡುಗಳು. ಶತ್ರುಗಳ ದಿಗ್ಬಂಧನದಿಂದಾಗಿ ಔಷಧಿಗಳಿಗೆ ಬಡತನ. ವೈರಿ ಸಮೀಪಿಸಿದಾಗ ರೋಗಿಗಳನ್ನು ಹೊತ್ತು ಬೆಟ್ಟವೇರಬೇಕು. ಅದೇ ಪ್ರದೇಶದಲ್ಲಿ ದುಡಿದ ಕೆನಡಾದ ಶಸ್ತ್ರವೈದ್ಯ ನಾರ್ಮನ್ ಬೆಥೂನ್ ಅವರು ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಬೆರಳಿಗಾದ ಗಾಯವು ನಂಜೇರಿ 1939ರ ನವೆಂಬರಿನಲ್ಲಿ ಮಡಿದಿದ್ದರು. ಕೋಟ್ನಿಸರು ಅವರ ಸಮಾಧಿಯ ದರ್ಶನ ಮಾಡಿದರು. ಪಕ್ಕದಲ್ಲಿ ನಿಂತು ಕಲಿಸುವ ಗುರುವಿರಲಿಲ್ಲ. ಗತಿಸಿದ ಬೆಥೂನರ ಮಾದರಿಯೇ ಅವರಿಗೆ ಗುರುವಾಯಿತು.

1940ರ ದೊಡ್ಡ ಕಾಳಗದಲ್ಲಿ ಸುಮಾರು 800 ಮಂದಿ ಗಾಯಾಳುಗಳು ಅವರಲ್ಲಿಗೆ ಬಂದರು. ಕೋಟ್ನಿಸರು ಒಮ್ಮೆ 72 ಗಂಟೆಗಳ ಕಾಲ ನಿದ್ರೆಯಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿದರು. ಯಾವ ಗಾಯವನ್ನು ಮೊದಲು ನೋಡಬೇಕು, ಯಾವ ಕಾಲನ್ನು ಉಳಿಸಬಹುದು, ಯಾವುದನ್ನು ಕತ್ತರಿಸದಿದ್ದರೆ ಪ್ರಾಣವೇ ಹೋದೀತು ಎಂಬ ವಿವೇಚನೆಗೆ ಕ್ಷಣಮಾತ್ರದ ಅವಕಾಶ. ಪುಸ್ತಕವನ್ನು ತೆರೆದು ನೋಡಲು ಅಲ್ಲಿ ಬಿಡುವಿಲ್ಲ. ವರ್ಷಗಟ್ಟಲೆ ಕಲಿತುದು ಕೈಬೆರಳುಗಳಲ್ಲಿ ಇಳಿದಿದ್ದರೆ ಮಾತ್ರ ರೋಗಿ ಬದುಕುತ್ತಾನೆ.

1941ರ ಜನವರಿಯಲ್ಲಿ ಬೆಥೂನರ ಹೆಸರಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ ಕೋಟ್ನಿಸರು ನಿರ್ದೇಶಕರಾದರು. ತಾವೊಬ್ಬರೇ ಎಷ್ಟು ದುಡಿದರೂ ಸಾಲದು, ನೂರಾರು ಹೊಸ ಕೈಗಳು ಸಿದ್ಧವಾಗಬೇಕೆಂಬುದನ್ನು ಅವರು ಮನಗಂಡಿದ್ದರು. ಅದಕ್ಕಾಗಿ ಚೀನೀ ಭಾಷೆಯನ್ನು ಕಲಿತು ಆ ಭಾಷೆಯಲ್ಲಿಯೇ ಪಾಠ ಹೇಳಿದರು. ವಿದ್ಯಾರ್ಥಿಗಳಿಗಾಗಿ ಶಸ್ತ್ರವೈದ್ಯದ ಪಠ್ಯವನ್ನೂ ಬರೆದರು. ಮೊದಲ ಪುಸ್ತಕವನ್ನು ಮುಗಿಸಿ ಎರಡನೆಯದಕ್ಕೆ ಕೈಹಚ್ಚಿದರು. ಉನ್ನತ ಪದವಿಯ ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟುಬಂದ ವಿದ್ಯಾರ್ಥಿಯು ಹೀಗೆ ಶಸ್ತ್ರವೈದ್ಯರನ್ನು ರೂಪಿಸುವ ಗುರುವಾದುದು ವಿಶೇಷ.

ಅದೇ ವರ್ಷದ ಕೊನೆಯಲ್ಲಿ ಶುಶ್ರೂಷಾ ಶಿಕ್ಷಕಿಯಾಗಿದ್ದ ಗುವೋ ಚಿಂಗ್‌ಲಾನ್ ಅವರೊಡನೆ ಅವರ ವಿವಾಹ ನಡೆಯಿತು. 1942ರಲ್ಲಿ ಹುಟ್ಟಿದ ಮಗನಿಗೆ ಭಾರತ, ಚೀನಾ ಎರಡನ್ನೂ ಸೂಚಿಸುವ ಯಿನ್‌ಹುವಾ ಎಂಬ ಹೆಸರನ್ನಿಟ್ಟರು. ಆದರೆ ಆ ಸಂತಸ ಬಹುಕಾಲ ಉಳಿಯಲಿಲ್ಲ. ನಿರಂತರ ದುಡಿಮೆಯ ನಡುವೆ ಮೂರ್ಛೆರೋಗವು ಅವರನ್ನು ಪೀಡಿಸತೊಡಗಿತ್ತು. ವಿಶ್ರಾಂತಿ ಪಡೆಯಬೇಕೆಂದು ಜೊತೆಯವರು ಕೇಳಿಕೊಂಡರೂ ಅವರು ಕೆಲಸವನ್ನು ಬಿಡಲಿಲ್ಲ. 1942ರ ಡಿಸೆಂಬರ್ 9ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ, ಕೋಟ್ನಿಸರು ಕೊನೆಯುಸಿರೆಳೆದರು. ಎರಡನೆಯ ಪುಸ್ತಕ ಅಪೂರ್ಣವಾಗಿಯೇ ಉಳಿಯಿತು. ತಂಡದ ಉಳಿದ ನಾಲ್ವರು ಭಾರತಕ್ಕೆ ಮರಳಿದರು, ಅವರೊಬ್ಬರು ಮರಳಲಿಲ್ಲ. ತಂದೆಯ ದಾರಿಯನ್ನೇ ಹಿಡಿದ ಯಿನ್‌ಹುವಾ ಕೂಡ ವೈದ್ಯಶಿಕ್ಷಣ ಪಡೆಯುತ್ತಿದ್ದಾಗಲೇ 1967ರಲ್ಲಿ ತೀರಿಕೊಂಡನು.

ಚೀನಾದ ಷಿಜಿಯಾಝುವಾಂಗ್ ನಗರದ ಹುತಾತ್ಮರ ಸ್ಮಶಾನದಲ್ಲಿ ಕೋಟ್ನಿಸರ ಸಮಾಧಿಯಿದೆ. ಬೆಥೂನರ ಸಮಾಧಿಯೂ ಅಲ್ಲಿಯೇ ಇದೆ. ಸೊಲ್ಲಾಪುರದಲ್ಲಿ ಅವರು ಹುಟ್ಟಿದ ಮನೆಯು ಸ್ಮಾರಕವಾಗಿದೆ. ಶಸ್ತ್ರವೈದ್ಯನಾಗುವ ದಾರಿ ದೀರ್ಘವಾದುದು. ಕೋಟ್ನಿಸರಿಗೆ ದೊರೆತ ಆಯುಷ್ಯ ಅಲ್ಪವಾದುದು. ಆ ಅಲ್ಪಾವಧಿಯಲ್ಲಿಯೇ ಅವರು ಕಲಿತರು, ಕಲಿತುದನ್ನು ನೊಂದವರಿಗಾಗಿ ಬಳಸಿದರು, ಬಳಸುತ್ತಲೇ ಇತರರಿಗೆ ಕಲಿಸಿದರು. ವಿದ್ಯೆಯ ಸಾರ್ಥಕತೆ ಇರುವುದು ಇದರಲ್ಲಿಯೇ.