‘ಎಸ್ಸೇ’ ಎಂಬ ಹೆಸರನ್ನು ಕೊಟ್ಟ ಮೊಂಟೇನನ ಚರಿತ್ರೆ

ನಮ್ಮ ಶಾಲೆಯಲ್ಲಿ ಓದಿ ಹೋದ ಪ್ರತಿಯೊಬ್ಬ ವಿದ್ಯಾರ್ಥಿನಿಗೂ ಪ್ರಬಂಧದ ಗಂಟೆಯು ನೆನಪಿರುವುದೆಂದು ನಂಬುತ್ತೇವೆ. ಕರಿಹಲಗೆಯ ಮೇಲೆ ವಿಷಯವನ್ನು ಬರೆದು ನಾವು ಹಿಂದಿರುಗಿ ನೋಡುವಷ್ಟರಲ್ಲಿ ಎಷ್ಟೋ ಮುಖಗಳು ಬಾಡಿಹೋಗಿರುತ್ತಿದ್ದವು. ಇಂಗ್ಲಿಷಿನಲ್ಲಿ ಇದನ್ನು ‘ಎಸ್ಸೇ’ ಎನ್ನುವರು. ಈ ಹೆಸರು ಎಲ್ಲಿಂದ ಬಂದಿತು, ಇಂಥ ಬರವಣಿಗೆಗೆ ಅದನ್ನು ಮೊದಲು ಇಟ್ಟವನು ಯಾರು, ಏತಕ್ಕಾಗಿ ಇಟ್ಟನು ಎಂಬುದನ್ನು ತರಗತಿಯಲ್ಲಿ ಹೇಳಿಕೊಡುವುದಕ್ಕೆ ನಮಗೆ ಸಮಯ ದೊರೆಯಲಿಲ್ಲ. ಆ ಬಾಕಿಯನ್ನು ಈ ಸ್ಮರಣ ಸಂಚಿಕೆಯಲ್ಲಿ ತೀರಿಸಲೆಳಸಿ, ಆ ಪುರುಷನ ಚರಿತ್ರೆಯನ್ನು ಸಂಕ್ಷೇಪವಾಗಿ ಬರೆಯುತ್ತೇವೆ.

ಮಿಶೆಲ್ ದ ಮೊಂಟೇನನು ಕ್ರಿ. ಶ. 1533ನೆಯ ಫೆಬ್ರವರಿ 28ರಂದು ಫ್ರಾನ್ಸ್ ದೇಶದ ನೈಋತ್ಯ ಭಾಗದಲ್ಲಿ, ಬೋರ್ಡೋ ಪಟ್ಟಣಕ್ಕೆ ಹೆಚ್ಚು ದೂರವಲ್ಲದ ಮೊಂಟೇನ್ ಎಂಬ ತಮ್ಮ ಮನೆತನದ ಹಳ್ಳಿಯಲ್ಲಿ ಜನಿಸಿದನು. ಅದು ದ್ರಾಕ್ಷಿತೋಟಗಳ ಸೀಮೆ. ಆತನ ಮುತ್ತಾತನು ದ್ರಾಕ್ಷಾರಸವನ್ನೂ ಉಪ್ಪುಮೀನನ್ನೂ ಮಾರಿ ಹಣ ಗಳಿಸಿದ ವರ್ತಕನು. 1477ರಲ್ಲಿ ಆ ಜಹಗೀರನ್ನು ಕೊಂಡವನು ಅವನೇ. ತಂದೆಯಾದ ಪಿಯೆರ್ ಎಕೆಮನು ಇಟಲಿಯ ಯುದ್ಧಗಳಲ್ಲಿ ಸೇವೆ ಮಾಡಿ, ಅಲ್ಲಿ ಆಗ ಹೊಸದಾಗಿ ಬೆಳಗುತ್ತಿದ್ದ ವಿದ್ಯೆಯನ್ನು ಕಂಡು ಬೆರಗಾಗಿ ಮರಳಿದವನು. ತಾನು ಪಂಡಿತನಲ್ಲದಿದ್ದರೂ ಮಗನನ್ನು ಹೊಸ ರೀತಿಯಲ್ಲಿ ಬೆಳೆಸಬೇಕೆಂದು ಆತನು ಸಂಕಲ್ಪ ಮಾಡಿದನು.

ಆ ರೀತಿಯು ವಿಚಿತ್ರವಾದುದು. ಧನಿಕರ ಮಗುವಾದರೂ ಅದಕ್ಕೆ ದಾತಾರರನ್ನಾಗಿ ಬಡವರನ್ನು ಆರಿಸಿ, ಶೈಶವದಲ್ಲಿ ಅದನ್ನು ಬಡ ಹಳ್ಳಿಯೊಂದರ ದಾದಿಯ ಮನೆಯಲ್ಲಿ ಇರಿಸಿದರು. ದುಡಿಯುವ ಜನರ ಸಂಗಡ ಮಗನಿಗೆ ಬಾಂಧವ್ಯ ಹುಟ್ಟಬೇಕೆಂಬುದು ತಂದೆಯ ಇಚ್ಛೆಯಾಗಿತ್ತು. ಮಗುವಿಗೆ ಇನ್ನೂ ಮಾತು ಬರುವುದಕ್ಕೆ ಮುಂಚೆಯೇ ಫ್ರೆಂಚ್ ಅರಿಯದ ಜರ್ಮನ್ ಪಂಡಿತನೊಬ್ಬನನ್ನು ಗೊತ್ತುಮಾಡಿ, ಅವನು ಲತೀನ್ ಭಾಷೆಯಲ್ಲಿಯೇ ಮಾತನಾಡಬೇಕೆಂದು ವಿಧಿಸಿದರು. ತಾಯಿ, ತಂದೆ, ಆಳುಕಾಳುಗಳು ಸಹ ತಮಗೆ ತಿಳಿದಷ್ಟು ಲತೀನನ್ನು ಕಲಿತು ಮಗುವಿನೊಡನೆ ಅದನ್ನೇ ಆಡಿದರು. ನಮ್ಮ ನಾಡಿನಲ್ಲಿ ಒಂದು ಮಗುವು ತೊಟ್ಟಿಲಿನಿಂದಲೇ ಸಂಸ್ಕೃತವನ್ನು ಮಾತ್ರ ಕೇಳಿ ಬೆಳೆದರೆ ಹೇಗೋ ಹಾಗೆಯೇ ಇದು. ಆರು ವರ್ಷದವರೆಗೆ ಬಾಲಕನಿಗೆ ಸ್ವದೇಶದ ಭಾಷೆಯೇ ಪರಭಾಷೆಯಾಗಿತ್ತು. ಎಳೆಯ ಮಕ್ಕಳನ್ನು ಥಟ್ಟನೆ ಎಬ್ಬಿಸಿದರೆ ಮಿದುಳಿಗೆ ಕೇಡೆಂದು ತಿಳಿದು, ಬೆಳಿಗ್ಗೆ ವಾದ್ಯದ ಇಂಪಾದ ಧ್ವನಿಯಿಂದಲೇ ಆತನನ್ನು ಎಬ್ಬಿಸುತ್ತಿದ್ದರು.

ಇಷ್ಟು ಮೃದುವಾಗಿ ಬೆಳೆದ ಬಾಲಕನನ್ನು 1539ರ ಸುಮಾರಿಗೆ ಬೋರ್ಡೋ ಪಟ್ಟಣದ ಗುಯೆನ್ ವಿದ್ಯಾಶಾಲೆಗೆ ಸೇರಿಸಿದರು. ಅದು ಫ್ರಾನ್ಸಿನಲ್ಲಿಯೇ ಹೆಸರಾಂತ ಶಾಲೆ, ಉಪಾಧ್ಯಾಯರೂ ಪ್ರಖ್ಯಾತರು. ಆದರೂ ಅಲ್ಲಿ ಕಳೆದ ಏಳು ವರ್ಷಗಳು ಆತನಿಗೆ ಸಿಹಿಯಾದ ನೆನಪನ್ನು ಕೊಡಲಿಲ್ಲ. ಬೆತ್ತದ ಹೊಡೆತ, ಅಳುವ ಮಕ್ಕಳು, ಕೋಪದಿಂದ ಕೆರಳಿದ ಗುರುಗಳು, ಇವನ್ನು ಕಂಡ ಆತನು ಮುಂದೆ ಶಾಲೆಗಳನ್ನು ಸೆರೆಮನೆಗಳಿಗೆ ಹೋಲಿಸಿದನು. ಒಬ್ಬ ಉಪಾಧ್ಯಾಯನು ಮಾತ್ರ ಜಾಣತನದಿಂದ, ಹುಡುಗನು ಓವಿದನೆಂಬ ಪುರಾತನ ಕವಿಯ ಕಥೆಗಳನ್ನು ಕದ್ದು ಓದುವುದನ್ನು ಕಂಡೂ ಕಾಣದವನಂತೆ ಇದ್ದನು. ಆ ಉಪಾಧ್ಯಾಯನು ಕಣ್ಣು ಮುಚ್ಚಿದ್ದರಿಂದಲೇ ತನಗೆ ಪುಸ್ತಕಗಳ ಮೇಲಣ ಪ್ರೀತಿಯು ಉಳಿಯಿತೆಂದು ಮೊಂಟೇನನು ಕೃತಜ್ಞತೆಯಿಂದ ಸ್ಮರಿಸಿರುವನು. ಶಿಕ್ಷಕರಾದ ನಮಗೆ ಇದರಲ್ಲಿ ಬುದ್ಧಿವಾದವುಂಟು.

ಪ್ರಾಯಕ್ಕೆ ಬಂದ ಮೇಲೆ ಆತನು ನ್ಯಾಯಾಧಿಕಾರಿಯಾಗಿ, 1557ರಿಂದ ಬೋರ್ಡೋ ನ್ಯಾಯಸ್ಥಾನದಲ್ಲಿ ಕೆಲಸ ಮಾಡಿದನು. ಅಲ್ಲಿ ಎತಿಯೆನ್ ದ ಲಾ ಬೊಎತೀ ಎಂಬ ಸಹೋದ್ಯೋಗಿಯೊಡನೆ ಆತನಿಗೆ ಬೆಳೆದ ಸ್ನೇಹವು ಲೋಕಪ್ರಸಿದ್ಧವಾದುದು. ಆದರೆ ಆ ಸ್ನೇಹಿತನು 1563ರಲ್ಲಿ, 32 ವರ್ಷದ ಪ್ರಾಯದಲ್ಲಿಯೇ, ಮೊಂಟೇನನು ಹಾಸಿಗೆಯ ಬಳಿಯಲ್ಲಿರುವಾಗ ಮೃತನಾದನು. 1565ರಲ್ಲಿ ಮೊಂಟೇನನು ಫ್ರಾನ್ಸ್ವಾಜ್ ಎಂಬಾಕೆಯನ್ನು ವಿವಾಹವಾದನು. 1568ರಲ್ಲಿ ತಂದೆಯು ತೀರಿಕೊಂಡನು. ದಂಪತಿಗಳಿಗೆ ಹುಟ್ಟಿದ ಆರು ಹೆಣ್ಣುಮಕ್ಕಳಲ್ಲಿ ಐವರು ಶಿಶುಗಳಾಗಿಯೇ ಹೋದರು. ಲಿಯೋನೋರ್ ಎಂಬ ಒಬ್ಬಳೇ ಉಳಿದಳು. ಹೊರಗೆ ನೋಡಿದರೆ 1562ರಿಂದ ಕಥೋಲಿಕರಿಗೂ ಪ್ರೊಟೆಸ್ಟಂಟರಿಗೂ ಅಂತರ್ಯುದ್ಧವು ಹೊತ್ತಿ, ಒಂದೇ ಕರ್ತನ ಹೆಸರಿನಲ್ಲಿ ನೆರೆಹೊರೆಯವರು ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದರು. ಮೊಂಟೇನನು ಕಥೋಲಿಕ ಮತದಲ್ಲಿಯೇ ಇದ್ದನು; ಆತನ ಒಡಹುಟ್ಟಿದವರಲ್ಲಿ ಕೆಲವರು ಪ್ರೊಟೆಸ್ಟಂಟರಾದರು. ಆದರೂ ಆ ಮನೆಯಲ್ಲಿ ಒಬ್ಬರಿಗೊಬ್ಬರು ವೈರಿಗಳಾಗಲಿಲ್ಲ.

ಇಂಥ ದುಃಖಗಳ ನಡುವೆ ಆತನು 1570ರಲ್ಲಿ ಉದ್ಯೋಗವನ್ನು ಬಿಟ್ಟನು. ಮರುವರ್ಷ ತನ್ನ 38ನೆಯ ಹುಟ್ಟಿದ ದಿನದ ತಾರೀಖನ್ನು ಹಾಕಿ, ಉಳಿದ ಆಯುಷ್ಯವನ್ನು ವಿದ್ಯೆಯಲ್ಲಿ ಕಳೆಯುವೆನೆಂದು ಲತೀನಿನಲ್ಲಿ ಗೋಡೆಯ ಮೇಲೆ ಬರೆಯಿಸಿದನು. ಮನೆಯ ಮೂಲೆಯಲ್ಲಿದ್ದ ದುಂಡನೆಯ ಗೋಪುರದ ಮೇಲಂತಸ್ತೇ ಆತನ ಪುಸ್ತಕಶಾಲೆ. ಕೆಳಗೆ ಪ್ರಾರ್ಥನಾಮಂದಿರ, ನಡುವೆ ಮಲಗುವ ಕೋಣೆ, ಮೇಲೆ ಸುಮಾರು ಸಾವಿರ ಪುಸ್ತಕಗಳು. ಅವುಗಳಲ್ಲಿ ಮೃತನಾದ ಸ್ನೇಹಿತನು ಬಿಟ್ಟುಹೋದವೂ ಇದ್ದವು. ಮೇಲ್ಛಾವಣಿಯ ತೊಲೆಗಳ ಮೇಲೆ ಗ್ರೀಕ್ ಮತ್ತು ಲತೀನ್ ವಾಕ್ಯಗಳನ್ನು ಬರೆಯಿಸಿ, ತಲೆಯೆತ್ತಿದಾಗಲೆಲ್ಲ ಅವನ್ನು ನೋಡುತ್ತಿದ್ದನು. 1885ರಲ್ಲಿ ಆ ಮನೆಗೆ ಬೆಂಕಿ ಬಿದ್ದಾಗಲೂ ಗೋಪುರವು ಮಾತ್ರ ಉಳಿದು ಇಂದಿಗೂ ನಿಂತಿರುವುದು.

ಶಾಂತಿಯನ್ನು ಬಯಸಿ ಅಲ್ಲಿ ಕುಳಿತವನಿಗೆ ಶಾಂತಿ ಸಿಕ್ಕಲಿಲ್ಲ. ಕೆಲಸವಿಲ್ಲದ ಮನಸ್ಸು ಕಡಿವಾಣವಿಲ್ಲದ ಕುದುರೆಯಂತೆ ಓಡತೊಡಗಿತು. ಅದರ ಓಟವನ್ನು ತಾನೇ ನೋಡಿಕೊಳ್ಳಬೇಕೆಂದು ಆತನು ಲೇಖನಿಯನ್ನು ಹಿಡಿದನು. ಬರೆದ ಬಿಡಿ ಬರವಣಿಗೆಗಳನ್ನು ಒಟ್ಟುಗೂಡಿಸಿ 1580ರಲ್ಲಿ ಬೋರ್ಡೋದಲ್ಲಿ ಎರಡು ಭಾಗಗಳಾಗಿ ಅಚ್ಚುಹಾಕಿಸಿ, ಅದಕ್ಕೆ ‘ಎಸ್ಸೇ’ಗಳು ಎಂದು ಹೆಸರಿಟ್ಟನು.

ಈ ಶಬ್ದವನ್ನು ಸ್ವಲ್ಪ ವಿಚಾರಿಸೋಣ. ಇದರ ಮೂಲವು ತೂಗುವುದು ಎಂಬ ಅರ್ಥವುಳ್ಳ ‘ಎಕ್ಸಾಜಿಯುಮ್’ ಎಂಬ ಲತೀನ್ ಶಬ್ದ. ಅಲ್ಲಿಂದ ಫ್ರೆಂಚಿಗೆ ಬಂದಾಗ ತೂಗಿ ನೋಡುವುದು, ಪರೀಕ್ಷಿಸುವುದು, ರುಚಿ ನೋಡುವುದು, ಪ್ರಯತ್ನಿಸುವುದು ಎಂಬ ಅರ್ಥಗಳೆಲ್ಲ ಅದಕ್ಕೆ ಸೇರಿದವು. ಅಕ್ಕಸಾಲಿಗನು ಚಿನ್ನವನ್ನು ಒರೆಗೆ ಹಚ್ಚುವುದು, ಅರಸನ ಊಟಕ್ಕೆ ಮುಂಚೆ ಸೇವಕನು ಒಂದು ತುತ್ತನ್ನು ತಿಂದು ನೋಡುವುದು, ಎರಡನ್ನೂ ಅದೇ ಮಾತಿನಿಂದ ಕರೆಯಬಹುದಾಗಿತ್ತು. ಆತನಿಗಿಂತ ಮುಂಚೆ ಅದು ಪುಸ್ತಕಗಳ ಜಾತಿಯೊಂದರ ಹೆಸರಾಗಿರಲಿಲ್ಲ. ತನ್ನ ಬುದ್ಧಿಯನ್ನು ಒಂದೊಂದು ವಿಷಯದ ಮೇಲೆ ಪರೀಕ್ಷಿಸಿ ನೋಡಿದ್ದೇನೆ, ತೀರ್ಪನ್ನು ಕೊಟ್ಟಿಲ್ಲ ಎಂಬುದನ್ನು ತಿಳಿಸಲು ಆತನು ಈ ವಿನಯದ ಹೆಸರನ್ನು ಆರಿಸಿಕೊಂಡನು. ಆತನು ಮಾಡಿಸಿಕೊಂಡ ಪದಕದ ಮೇಲೆ ಸಮನಾಗಿ ನಿಂತ ತಕ್ಕಡಿಯ ಚಿತ್ರವಿದ್ದಿತು. ಯಾವ ಮಾತನ್ನೂ ಆತುರದಿಂದ ನಿಶ್ಚಯಿಸದೆ ತೂಗುತ್ತಿರುವುದೇ ಆತನ ಸ್ವಭಾವ. ಬೀದಿಯಲ್ಲಿ ಜನರು ನಿಶ್ಚಯದಿಂದಲೇ ಕತ್ತಿಯನ್ನು ಹಿರಿಯುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಆತನು ಬರೆಯದ ವಿಷಯವಿಲ್ಲ. ಸ್ನೇಹ, ಭಯ, ಮರಣ, ಸುಳ್ಳುಗಾರರು, ವಾಸನೆಗಳು, ಕೈಯ ಹೆಬ್ಬೆರಳು, ಎಲ್ಲವೂ ಆತನಿಗೆ ಸಾಕಾದ ವಸ್ತು. ರುವಾನ್ ಪಟ್ಟಣಕ್ಕೆ ಬ್ರೆಜಿಲ್ ದೇಶದ ಮೂವರು ಮೂಲನಿವಾಸಿಗಳು ಬಂದಿದ್ದಾಗ ಆತನು ಅವರನ್ನು ಕಂಡು, ನರಭಕ್ಷಕರೆಂದು ಯುರೋಪಿನವರು ಹಳಿಯುವ ಆ ಜನಾಂಗಕ್ಕಿಂತ, ಜೀವಂತ ಮನುಷ್ಯರನ್ನು ಮತದ ನೆವದಿಂದ ಹಿಂಸಿಸುವ ತನ್ನ ದೇಶದವರೇ ಹೆಚ್ಚು ಕ್ರೂರರಲ್ಲವೇ ಎಂದು ವಿಚಾರ ಮಾಡಿದನು. ಮಕ್ಕಳ ವಿದ್ಯಾಭ್ಯಾಸದ ವಿಷಯವಾಗಿ ಬರೆಯುವಾಗ, ಪಾಠವನ್ನು ಒಪ್ಪಿಸಬಲ್ಲ ಹುಡುಗನು ಅದನ್ನು ತಿಳಿದನೆಂದು ಎಣಿಸಬಾರದೆಂದೂ, ಗುರುವು ತಾನೇ ಮಾತನಾಡದೆ ಶಿಷ್ಯನ ಮಾತಿಗೂ ಕಿವಿಗೊಡಬೇಕೆಂದೂ ಹೇಳಿದನು. ಎಲ್ಲಕ್ಕಿಂತ ಹೆಚ್ಚಾಗಿ ಆತನು ತನ್ನನ್ನು ಕುರಿತೇ ಬರೆದನು. ತನ್ನ ಮರೆವನ್ನೂ ಸೋಮಾರಿತನವನ್ನೂ ಮರೆಮಾಡಲಿಲ್ಲ.

ಮೂತ್ರಪಿಂಡದ ಕಲ್ಲಿನ ಬೇನೆಯಿಂದ ನರಳುತ್ತಿದ್ದ ಆತನು 1580ರಲ್ಲಿ ಜರ್ಮನಿ, ಸ್ವಿಟ್ಜರ್ಲೆಂಡ್, ಇಟಲಿ ದೇಶಗಳಿಗೆ ಪ್ರಯಾಣ ಮಾಡಿ, ಬಿಸಿನೀರಿನ ಬುಗ್ಗೆಗಳಲ್ಲಿ ಸ್ನಾನಮಾಡಿದನು. ಇಟಲಿಯಲ್ಲಿರುವಾಗಲೇ ತನ್ನನ್ನು ಬೋರ್ಡೋ ಪಟ್ಟಣದ ಮೇಯರನ್ನಾಗಿ ಆರಿಸಿರುವರೆಂಬ ಸುದ್ದಿಯು ಬಂದಿತು. 1581ರಿಂದ 1585ರ ವರೆಗೆ ಎರಡು ಅವಧಿಗಳಲ್ಲಿ, ಎರಡು ಪಕ್ಷಗಳ ನಡುವೆ ಪಟ್ಟಣವನ್ನು ಹಾಳಾಗದಂತೆ ಕಾಪಾಡಿದನು. ಅವಧಿಯ ಕಡೆಯಲ್ಲಿ ಪಟ್ಟಣಕ್ಕೆ ಪ್ಲೇಗು ಬಂದಾಗ ಆತನು ಒಳಗೆ ಬಾರದೆ ಹೊರಗೇ ಉಳಿದನು. ಇದನ್ನು ಕುರಿತು ಕೆಲವರು ಆತನನ್ನು ದೂಷಿಸಿರುವರು. 1588ರಲ್ಲಿ ಮೂರನೆಯ ಭಾಗವನ್ನು ಕೂಡಿಸಿ ಪುಸ್ತಕವನ್ನು ಮತ್ತೆ ಅಚ್ಚುಹಾಕಿಸಿದನು. ಅಷ್ಟರಲ್ಲಿ ಒಟ್ಟು ಅಧ್ಯಾಯಗಳು 107 ಆಗಿದ್ದವು. ಆಮೇಲೂ ಅಚ್ಚಾದ ಪ್ರತಿಯ ಅಂಚುಗಳಲ್ಲಿ ತಿದ್ದುತ್ತಲೂ ಸೇರಿಸುತ್ತಲೂ ಇದ್ದನು. 1592ನೆಯ ಸೆಪ್ಟೆಂಬರ್ 13ರಂದು, ತನ್ನ ಕೋಣೆಯಲ್ಲಿ ಪೂಜೆ ನಡೆಯುತ್ತಿರುವಾಗ ದೇಹವನ್ನು ಬಿಟ್ಟನು.

ಹೆಣ್ಣುಮಕ್ಕಳ ಶಾಲೆಯವರಾದ ನಾವು ಇಲ್ಲಿ ಒಂದು ಮಾತನ್ನು ಮುಚ್ಚಿಡಲಾರೆವು. ಹುಡುಗರ ವಿದ್ಯೆಯನ್ನು ಕುರಿತು ಅಷ್ಟು ಚೆನ್ನಾಗಿ ಬರೆದ ಈ ಮಹನೀಯನು ತನ್ನ ಒಬ್ಬಳೇ ಮಗಳ ಶಿಕ್ಷಣವನ್ನು ಆಕೆಯ ತಾಯಿಗೆ ಒಪ್ಪಿಸಿ ಸುಮ್ಮನಾದನು. ಪಾಂಡಿತ್ಯವನ್ನು ಬಯಸುವ ಸ್ತ್ರೀಯರನ್ನು ಕುರಿತು ಹಾಸ್ಯವನ್ನೂ ಮಾಡಿದನು. ಸ್ತ್ರೀಪುರುಷರಿಗೆ ಇರುವ ಭೇದವು ಬಹುಮಟ್ಟಿಗೆ ಅಭ್ಯಾಸದಿಂದ ಆದುದೆಂದು ಮತ್ತೊಂದು ಕಡೆ ಒಪ್ಪಿಕೊಂಡರೂ ಆ ವಿಚಾರವನ್ನು ಮುಂದುವರಿಸಲಿಲ್ಲ.

ಅದನ್ನು ಮುಂದುವರಿಸಿದವಳು ಒಬ್ಬ ಸ್ತ್ರೀ. 1565ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಮಾರೀ ದ ಗೂರ್ನೇ ಎಂಬಾಕೆಗೆ ಲತೀನ್ ಕಲಿಸುವವರಿರಲಿಲ್ಲ. ಮೂಲವನ್ನೂ ಭಾಷಾಂತರವನ್ನೂ ಮಗ್ಗುಲಲ್ಲಿ ಇಟ್ಟುಕೊಂಡು ತಾನೇ ಕಲಿತಳು. ಇಪ್ಪತ್ತು ವರ್ಷ ತುಂಬುವುದರೊಳಗೆ ಮೊಂಟೇನನ ಪುಸ್ತಕವು ಕೈಗೆ ಸಿಕ್ಕಿ ಆಕೆಯ ಜೀವವನ್ನೇ ಹಿಡಿಯಿತು. 1588ರಲ್ಲಿ ಪ್ಯಾರಿಸಿನಲ್ಲಿ ಆತನನ್ನು ಕಂಡಳು. ಆತನು ಆಕೆಯನ್ನು ಮಾನಸಪುತ್ರಿಯೆಂದು ಆದರಿಸಿದನು. ಆತನ ಮರಣಾನಂತರ ವಿಧವೆಯಾದ ಫ್ರಾನ್ಸ್ವಾಜಳು ತಿದ್ದುಪಡಿಗಳನ್ನು ಸೇರಿಸಿದ ಪ್ರತಿಯನ್ನು ಈಕೆಗೆ ಕಳುಹಿಸಲು, ಈಕೆಯು ಶ್ರಮಪಟ್ಟು 1595ರಲ್ಲಿ ಅದನ್ನು ಪ್ರಕಟಿಸಿದಳು. ಬಹುಕಾಲದವರೆಗೆ ಲೋಕವು ಮೊಂಟೇನನನ್ನು ಓದಿದ್ದು ಆಕೆಯ ಆವೃತ್ತಿಯಿಂದಲೇ. 1622ರಲ್ಲಿ ಆಕೆಯು ಸ್ತ್ರೀಪುರುಷರ ಸಮಾನತೆಯನ್ನು ಪ್ರತಿಪಾದಿಸುವ ಗ್ರಂಥವನ್ನು ಬರೆದು, 1645ರಲ್ಲಿ ನಿಧನಳಾದಳು. ವಿದ್ಯೆಯಿಲ್ಲದೆ ಇರಬಹುದೆಂದು ಆತನು ಎಣಿಸಿದ್ದ ಸ್ತ್ರೀಕುಲದಿಂದಲೇ ಆತನ ವಿದ್ಯೆಯು ಉಳಿದು ಬಂದಿತು.

ಇತ್ತ ಇಂಗ್ಲೆಂಡಿನಲ್ಲಿ ಫ್ರಾನ್ಸಿಸ್ ಬೇಕನನು 1597ರಲ್ಲಿ ತನ್ನ ಹತ್ತು ಕಿರುಬರಹಗಳಿಗೆ ಇದೇ ಹೆಸರನ್ನು ಇಟ್ಟನು. 1603ರಲ್ಲಿ ಜಾನ್ ಫ್ಲೋರಿಯೋ ಮೊಂಟೇನನ ಪುಸ್ತಕವನ್ನು ಇಂಗ್ಲಿಷಿಗೆ ತಂದನು. ಇಂಗ್ಲಿಷಿನ ಮೂಲಕ ಆ ಹೆಸರು ನಮ್ಮ ಶಾಲೆಗಳಿಗೆ ಬಂದಾಗ ನಮ್ಮವರು ಅದಕ್ಕೆ ಪ್ರಬಂಧವೆಂಬ ಹಳೆಯ ಮಾತನ್ನು ಹೊಂದಿಸಿದರು. ಪ್ರಬಂಧವೆಂದರೆ ಚೆನ್ನಾಗಿ ಕಟ್ಟಿದ್ದು. ಕರಾವಳಿಯಲ್ಲಿ ಯಕ್ಷಗಾನದ ಕೃತಿಗಳಿಗೂ ಆ ಹೆಸರುಂಟು. ಅಲ್ಲಿ ಪ್ರಯತ್ನ, ಇಲ್ಲಿ ಕಟ್ಟಡ! 1937ರಲ್ಲಿ ಎ. ಎನ್. ಮೂರ್ತಿರಾಯರು ‘ಹಗಲುಗನಸುಗಳು’ ಎಂಬ ಪುಸ್ತಕದಲ್ಲಿ ಮೊಂಟೇನನಂತೆ ಮನಬಂದ ವಿಷಯಗಳನ್ನು ಕುರಿತು ಬರೆದು, ಕನ್ನಡದಲ್ಲಿಯೂ ಈ ಬಗೆಯ ಬರವಣಿಗೆಯು ಸೊಗಸಾಗಬಲ್ಲದೆಂದು ತೋರಿಸಿಕೊಟ್ಟರು.

ಆ ಎರಡು ಹೆಸರುಗಳ ಭೇದವನ್ನು ತಿಳಿಯದೆ ನಾವು ಮಾಡಿದ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಉಪಾಧ್ಯಾಯಿನಿಯಾದ ಹೊಸದರಲ್ಲಿ ಮಳೆಗಾಲವನ್ನು ಕುರಿತು ಬರೆಯಿರೆಂದು ಮಕ್ಕಳಿಗೆ ಹೇಳಿದ್ದೆವು. ಎಲ್ಲರೂ ಪುಸ್ತಕದಲ್ಲಿದ್ದಂತೆ ನವಿಲು ಕುಣಿಯುವುದನ್ನೂ ರೈತನು ಹರ್ಷಿಸುವುದನ್ನೂ ಬರೆದರು. ಒಬ್ಬಳು ಮಾತ್ರ, ಮುಳಿಹುಲ್ಲಿನ ಮಾಡು ಸೋರುವಾಗ ತಾಯಿಯು ಯಾವ ಯಾವ ಪಾತ್ರೆಯನ್ನು ಎಲ್ಲೆಲ್ಲಿ ಇಡುವಳೆಂದೂ, ರಾತ್ರಿ ಆ ಹನಿಗಳ ಬೇರೆ ಬೇರೆ ಸದ್ದನ್ನು ಕೇಳುತ್ತ ತಾನು ಮಲಗಿರುವೆನೆಂದೂ ಬರೆದಿದ್ದಳು. ಪೀಠಿಕೆಯಿಲ್ಲ, ಉಪಸಂಹಾರವಿಲ್ಲವೆಂದು ನಾವು ಕೆಂಪು ಮಸಿಯಿಂದ ಗೆರೆ ಎಳೆದು ಅಂಕಗಳನ್ನು ಕಳೆದೆವು. ಮುಂದಿನ ವಾರದಿಂದ ಆಕೆಯೂ ನವಿಲನ್ನೇ ಬರೆಯತೊಡಗಿದಳು. ಮೊಂಟೇನನ ಚರಿತ್ರೆಯನ್ನು ಓದಿದ ದಿನ ನಮಗೆ ಆ ಹಾಳೆಯು ನೆನಪಿಗೆ ಬಂದು ಮನಸ್ಸು ನೊಂದಿತು. ತರಗತಿಯಲ್ಲಿ ನಿಜವಾಗಿ ‘ಎಸ್ಸೇ’ಯನ್ನು ಬರೆದವಳು ಆಕೆಯೊಬ್ಬಳೇ ಆಗಿದ್ದಳು.

ಈ ಸಂಚಿಕೆಯು ಆಕೆಯ ಕೈಗೂ ಸೇರಲಿ. ತಾಯಿತಂದೆಗಳೇ, ನಿಮ್ಮ ಮಗಳು ಬರೆದುದನ್ನು ನೋಡುವಾಗ ತಪ್ಪುಗಳನ್ನು ಹುಡುಕುವುದಕ್ಕೆ ಮುಂಚೆ, ಅದರಲ್ಲಿ ಆಕೆಯದೇ ಆದ ಮಾತು ಒಂದಾದರೂ ಉಂಟೇ ಎಂದು ನೋಡಿರಿ. ಹಳೆಯ ವಿದ್ಯಾರ್ಥಿನಿಯರೇ, ಶಾಲೆಯನ್ನು ಬಿಟ್ಟವರು ಬರೆಯುವುದನ್ನೂ ಬಿಡಬೇಕಾಗಿಲ್ಲ. ಮನೆಗೆಲಸ ಮುಗಿದ ಮೇಲೆ ಅರ್ಧ ಗಂಟೆ ಸಿಕ್ಕಿದರೆ, ಕಂಡದ್ದನ್ನೂ ಎಣಿಸಿದ್ದನ್ನೂ ತೂಗಿ ನೋಡಿ ನಾಲ್ಕು ಸಾಲು ಬರೆಯಿರಿ. ಈ ಸಲ ಅಂಕಗಳನ್ನು ಕಳೆಯುವವರಿಲ್ಲ.