‘ನಾಕುತಂತಿ’ಯ ವರ್ಷ

ಕನ್ನಡದ ಓದುಗರು ಬೇಂದ್ರೆಯವರನ್ನು ಎರಡು ಭಾಗ ಮಾಡಿಟ್ಟುಕೊಂಡು ಬಹಳ ಕಾಲವಾಯಿತು. ಒಬ್ಬರು ಶ್ರಾವಣದ, ಯುಗಾದಿಯ, ಒಲವಿನ ಹಾಡುಗಳ ವರಕವಿ. ಇನ್ನೊಬ್ಬರು ಮನೆಗೆ ಬಂದವರೆದುರು ಅಂಕಿಗಳನ್ನು ಕೂಡಿಸಿ, ಗುಣಿಸಿ, 441 ಎಂಬ ಸಂಖ್ಯೆಯ ಮಹಿಮೆಯನ್ನು ವಿವರಿಸುತ್ತಿದ್ದ ಸಾಧನಕೇರಿಯ ವೃದ್ಧರು. ಮೊದಲನೆಯವರನ್ನು ನಾವು ತಲೆಯ ಮೇಲೆ ಹೊತ್ತೆವು. ಎರಡನೆಯವರ ಮಾತಿಗೆ ಮುಗುಳ್ನಕ್ಕು ಸುಮ್ಮನಾದೆವು. ಈ ವಿಭಜನೆ ಎಷ್ಟರ ಮಟ್ಟಿಗೆ ಸರಿ ಎಂದು ಪರೀಕ್ಷಿಸಲು 1964ನೆಯ ಇಸವಿಯಷ್ಟು ತಕ್ಕುದಾದದ್ದು ಬೇರೊಂದಿಲ್ಲ. ‘ನಾಕುತಂತಿ’ ಸಂಕಲನ ಹೊರಬಂದದ್ದು ಆ ವರ್ಷ.

ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು ಹುಟ್ಟಿದ್ದು ಧಾರವಾಡದಲ್ಲಿ, 1896ರ ಜನವರಿ 31ರಂದು. ಅವರ ಪೂರ್ವಜರು ನೆಲೆಸಿದ್ದು ಗದಗಿನ ಸಮೀಪದ ಶಿರಹಟ್ಟಿಯಲ್ಲಿ. ವೇದಾಧ್ಯಯನದ ಮನೆತನ ಅದು. ಶಿರಹಟ್ಟಿ, ಬೆಳ್ಳಟ್ಟಿ, ಲಕ್ಷ್ಮೇಶ್ವರಗಳ ಈ ಸೀಮೆಗೆ ಶಿಶುನಾಳವೂ ದೂರವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಶರೀಫರು ದೇಹವನ್ನು ತಂಬೂರಿಯೆಂದು ಕರೆದು ಹಾಡಿದರು. ಅಂಕಿಗಳಲ್ಲಿ ಒಳಗುಟ್ಟನ್ನು ಅಡಗಿಸಿಡುವ ತತ್ತ್ವಪದಕಾರರ ಜಾಡು ಇಲ್ಲಿನ ಭಜನೆಯ ಮೇಳಗಳಿಗೆ ಅಪರಿಚಿತವಲ್ಲ. ಮೂರು ಎಂದರೆ ಗುಣ, ಐದು ಎಂದರೆ ಭೂತ, ಆರು ಎಂದರೆ ವೈರಿಗಳು, ಒಂಬತ್ತು ಎಂದರೆ ದೇಹದ ಬಾಗಿಲುಗಳು. ಅಕ್ಷರ ಬಾರದವನಿಗೂ ಈ ಲೆಕ್ಕ ಅರ್ಥವಾಗುತ್ತಿತ್ತು. ಅಲ್ಲಮನ ಬೆಡಗಿನ ವಚನಗಳ ದಾರಿಯೂ ಇದೇ. ಬೇಂದ್ರೆಯವರ ಸಂಖ್ಯಾಪ್ರೀತಿಯನ್ನು ಈ ಹಿನ್ನೆಲೆಯಿಂದ ಕಿತ್ತು ನೋಡಿದರೆ ಅದು ಮುಪ್ಪಿನ ಹುಚ್ಚಾಗಿ ಕಾಣುವುದು ಸಹಜ.

ಅವರ ಬದುಕು ಸುಖದ್ದಾಗಿರಲಿಲ್ಲ. ಬಾಲ್ಯದಲ್ಲಿಯೇ ತಂದೆ ತೀರಿಕೊಂಡರು. ತಾಯಿ ಅಂಬಿಕೆಯ ಹೆಸರನ್ನು ಕಾವ್ಯನಾಮದಲ್ಲಿ ಧರಿಸಿ ಅವರು ಅಂಬಿಕಾತನಯದತ್ತರಾದರು. 1932ರಲ್ಲಿ ‘ನರಬಲಿ’ ಕವಿತೆಗಾಗಿ ಬ್ರಿಟಿಷ್ ಸರ್ಕಾರ ಅವರನ್ನು ಹಿಂಡಲಗಾ ಸೆರೆಮನೆಗೆ ಕಳುಹಿಸಿತು, ಆಮೇಲೆ ಮುಗದದಲ್ಲಿ ನಿರ್ಬಂಧದಲ್ಲಿಟ್ಟಿತು. ನೆಲೆಯಾದ ಉದ್ಯೋಗಕ್ಕಾಗಿ ವರ್ಷಗಟ್ಟಲೆ ಅಲೆದಾಡಿ, 1944ರಲ್ಲಿ ಸೊಲ್ಲಾಪುರದ ಕಾಲೇಜು ಸೇರಿದರು. ಇವೆಲ್ಲಕ್ಕಿಂತ ದೊಡ್ಡ ಪೆಟ್ಟು ಮನೆಯೊಳಗೇ ಬಿತ್ತು. ಪತ್ನಿ ಲಕ್ಷ್ಮೀಬಾಯಿಯವರೂ ಅವರೂ ಒಂದಾದ ಮೇಲೊಂದರಂತೆ ಹಲವು ಮಕ್ಕಳನ್ನು ಕಳೆದುಕೊಂಡರು. ಮಗುವಿನ ಸಾವಿನ ಗಳಿಗೆಯಲ್ಲಿ ಹೆಂಡತಿಯ ದೃಷ್ಟಿಯನ್ನು ಎದುರಿಸಲಾರದ ಗಂಡನ ಸಂಕಟವನ್ನು ಅವರು ಕವಿತೆಯಾಗಿಸಿದರು. ಕನ್ನಡ ಬಲ್ಲವರು ಅದನ್ನು ಮರೆಯುವಂತಿಲ್ಲ.

1956ರಲ್ಲಿ ಅವರು ಆಕಾಶವಾಣಿಯ ಸಲಹೆಗಾರರಾಗಿ ಧಾರವಾಡಕ್ಕೆ ಮರಳಿದರು. ‘ಅರಳು ಮರಳು’ ಸಂಕಲನಕ್ಕೆ 1958ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅರವತ್ತನ್ನು ದಾಟಿದವರ ಬುದ್ಧಿಯನ್ನು ಜನ ಹಾಸ್ಯ ಮಾಡುವ ಮಾತನ್ನೇ ಅವರು ಪುಸ್ತಕದ ಹೆಸರಾಗಿಸಿಕೊಂಡಿದ್ದರು! ಅಷ್ಟರಲ್ಲಾಗಲೇ ಶ್ರೀ ಅರವಿಂದರ ದರ್ಶನ ಅವರ ಚಿಂತನೆಯಲ್ಲಿ ಬೇರೂರಿತ್ತು. ಯೋಗ, ಉಪನಿಷತ್ತು, ಶಬ್ದತತ್ತ್ವ, ಸಂಖ್ಯೆ ಇವು ಒಂದೇ ಅನ್ವೇಷಣೆಯ ಅಂಗಗಳಾದವು.

ಅರವತ್ತೆಂಟರ ವಯಸ್ಸಿನಲ್ಲಿ ಅವರು ‘ನಾಕುತಂತಿ’ಯನ್ನು ಕೊಟ್ಟರು. ಸಂಕಲನದಲ್ಲಿರುವ ಕವಿತೆಗಳು 44. ಶೀರ್ಷಿಕೆಯ ಕವಿತೆಗೆ ನಾಲ್ಕು ಭಾಗಗಳು. ಮೊದಲ ತಂತಿ ‘ನಾನು’. ಅದಕ್ಕೆ ಎದುರಾಗಿ ‘ನೀನು’. ಮೂರನೆಯದು ಹಳಗನ್ನಡದ ನೆನಪನ್ನು ಹೊತ್ತ ‘ಆನು’. ಈ ಮೂರನ್ನೂ ಒಳಗೊಂಡು ಮೀರುವಂಥದು ‘ತಾನು’. ನಮ್ಮ ಸರ್ವನಾಮಗಳಲ್ಲೇ ಸೃಷ್ಟಿಯ ರಹಸ್ಯವನ್ನು ಹುಡುಕುವ ಈ ಸಾಹಸಕ್ಕೆ ಸಮನಾದದ್ದು ಆಧುನಿಕ ಭಾರತೀಯ ಕಾವ್ಯದಲ್ಲಿ ವಿರಳ. ವಾಕ್ಕಿಗೆ ಪರಾ, ಪಶ್ಯಂತೀ, ಮಧ್ಯಮಾ, ವೈಖರೀ ಎಂಬ ನಾಲ್ಕು ನೆಲೆಗಳನ್ನು ಹೇಳುವ ಪ್ರಾಚೀನ ವಿಚಾರವೂ, ತಂಬೂರಿಯ ನಾಲ್ಕು ತಂತಿಗಳೂ ಇದನ್ನು ಓದುವಾಗ ನೆನಪಾಗುತ್ತವೆ. ಗಂಡು ಹೆಣ್ಣುಗಳ ಕೂಡುವಿಕೆಯಿಂದ ಹೊಸ ಜೀವ ಮೂಡುವ ಬೆರಗನ್ನು ಅನೇಕ ವಿಮರ್ಶಕರು ಇಲ್ಲಿ ಗುರುತಿಸಿದ್ದಾರೆ.

ಬರಬೇಕಾದ ಆಕ್ಷೇಪಣೆ ಬಂದೇ ಬಂತು. ಆಗ ಕನ್ನಡದಲ್ಲಿ ನವ್ಯದ ಭರಾಟೆ. ವ್ಯಂಗ್ಯ, ವಿಷಾದ, ನಗರದ ಒಂಟಿತನಗಳು ಕಾವ್ಯದ ಲಕ್ಷಣಗಳಾಗಿದ್ದ ಹೊತ್ತಿನಲ್ಲಿ ಅನುಭಾವದ ಒಗಟು ಹಲವರಿಗೆ ಹಳತೆನಿಸಿತು. ದುರೂಹತೆಯ ಆರೋಪ ಪೂರ್ತಿ ಸುಳ್ಳೂ ಅಲ್ಲ. ಆ ಕಾಲದ ಕೆಲವು ಕವಿತೆಗಳಲ್ಲಿ ಶ್ಲೇಷೆಯೇ ಗುರಿಯಾಗಿ, ಭಾವ ಹಿಂದೆ ಉಳಿಯುತ್ತದೆ. ‘ನಾಕುತಂತಿ’ಯಲ್ಲಿ ಹಾಗಾಗುವುದಿಲ್ಲ. ಅರ್ಥ ಕೈಗೆ ಸಿಗುವ ಮೊದಲೇ ಅದರ ನಾದ ಕಿವಿಯನ್ನು ಹಿಡಿಯುತ್ತದೆ. 1973ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ಒಡಿಯಾದ ಗೋಪೀನಾಥ ಮೊಹಾಂತಿಯವರ ಜೊತೆಯಲ್ಲಿ ಇದೇ ಕೃತಿಗಾಗಿ ಬೇಂದ್ರೆಯವರಿಗೆ ಸಂದಿತು. ಕುವೆಂಪು ಅವರ ನಂತರ ಅದು ಕನ್ನಡಕ್ಕೆ ದೊರೆತ ಎರಡನೆಯ ಜ್ಞಾನಪೀಠ.

ಕೊನೆಯ ವರ್ಷಗಳಲ್ಲಿ ಕವಿತೆ ಹಿಂದೆ ಸರಿದು ಲೆಕ್ಕವೇ ಮುಂದಾಯಿತು. 21ನ್ನು 21ರಿಂದ ಗುಣಿಸಿದಾಗ ಬರುವ 441ರ ಸುತ್ತ ಅವರು ಒಂದು ವಿಶ್ವವನ್ನೇ ಕಟ್ಟಿಕೊಂಡರು. ಅಮರತ್ವದ ಸಿದ್ಧಾಂತವನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕವನ್ನೂ ರಚಿಸಿದರು. ಗಣಿತವಾಗಿ ಅದನ್ನು ಒಪ್ಪಬೇಕಾದ ಅಗತ್ಯವಿಲ್ಲ. ವಿಜ್ಞಾನದ ಪರೀಕ್ಷೆಗೆ ಅದು ನಿಲ್ಲುವಂಥದೂ ಅಲ್ಲ. ಆದರೆ ಅಮರತ್ವಕ್ಕೆ ಸೂತ್ರ ಹುಡುಕಿದವರು ತಮ್ಮ ಕೈಯಾರೆ ಮಕ್ಕಳನ್ನು ಮಣ್ಣಿಗೊಪ್ಪಿಸಿದ ತಂದೆಯಾಗಿದ್ದರು ಎಂಬುದನ್ನು ಮರೆತು ನಗುವುದು ಹಗುರ ಮಾತಾದೀತು. ಸಾವಿಗೆ ಉತ್ತರವನ್ನು ಅವರು ಮೊದಲು ಹಾಡಿನಲ್ಲಿ ಕೇಳಿದರು, ಅನಂತರ ಅಂಕಿಗಳಲ್ಲಿ ಕೇಳಿದರು. 1964ರ ಸಂಕಲನದಲ್ಲಿ ಇವೆರಡೂ ಒಂದೇ ಶ್ರುತಿಯಲ್ಲಿ ಕೂಡಿವೆ.

ಬೇಂದ್ರೆಯವರು 1981ರ ಅಕ್ಟೋಬರ್ 26ರಂದು ಮುಂಬೈಯಲ್ಲಿ ನಿಧನರಾದರು. ಅವರ ಭಾವಗೀತೆಗಳಿಗೆ ಇಂದಿಗೂ ಗಾಯಕರ ಕೊರತೆಯಿಲ್ಲ. ‘ನಾಕುತಂತಿ’ಗೆ ಮಾತ್ರ ತಾಳ್ಮೆಯ ಓದುಗರು ಬೇಕು. ಶಾಲೆಯ ಪಠ್ಯಗಳೂ ಸುಗಮ ಸಂಗೀತದ ವೇದಿಕೆಗಳೂ ಅರ್ಧ ಬೇಂದ್ರೆಯನ್ನಷ್ಟೇ ಮುಂದಿನ ತಲೆಮಾರಿಗೆ ದಾಟಿಸುತ್ತಾ ಹೋದರೆ, ಉಳಿದರ್ಧವನ್ನು ಓದುವ ಬಗೆಯೇ ನಮಗೆ ಮರೆತುಹೋದೀತು.